ಹೆಸರಿಲ್ಲದ ಏಳು ಗಿಡ

ಮೂರು ವರ್ಷದ ಹಿಂದೆ ಅವನು ಕಾಡಿನಿಂದ ತಂದುಕೊಟ್ಟ ಜರಿಗಿಡವನ್ನು ನೋಡಿ ಸಸ್ಯವಿಜ್ಞಾನ ಸಂಸ್ಥೆಯ ನಿರ್ದೇಶಕರು, "ಕಳೆ ಕಣ್ರೀ, ಬಿಸಾಕಿ" ಎಂದಿದ್ದರು. ಮರುವರ್ಷ ಅದೇ ಗಿಡ ಹೊಸ ಜಾತಿಯೆಂದು ಅವರ ಹೆಸರಿನಲ್ಲಿ ಅಚ್ಚಾಯಿತು. ಕೊನೆಯ ಪುಟದ ಸಣ್ಣಕ್ಷರಗಳಲ್ಲಿ ಅವನಿಗೊಂದು ಕೃತಜ್ಞತೆಯಿತ್ತು. ಅದರಲ್ಲೂ ಹೆಸರು ತಪ್ಪಾಗಿತ್ತು.

"ಇದು ನೀವಾ?" ಎಂದು ಹೆಂಡತಿ ಕೇಳಿದ್ದು ಗಂಟಲಿಗೆ ಸಿಕ್ಕ ಮುಳ್ಳಿನಂತೆ ಉಳಿದುಬಿಟ್ಟಿತು.

ಒಣಗಿಸಿದ ಗಿಡಗಳ ಸಂಗ್ರಹವನ್ನು ಹತ್ತೊಂಬತ್ತು ವರ್ಷ ಕಾದವನು ಅವನು. ಈ ಸಲ ಸಂಸ್ಥೆಯ ಹಿಂದಿನ ಕಾಡಿನ ದಟ್ಟ ನೆರಳಲ್ಲಿ ನಿರ್ದೇಶಕರಿಗೇ ಏಳು ಅಪರಿಚಿತ ಗಿಡಗಳು ಕಂಡವು. ಮೊಣಕಾಲೆತ್ತರ, ಎಲೆಯ ಅಡಿಗೆ ನೇರಳೆ ಬಣ್ಣ, ಗಂಟೆಯಂಥ ಹೂವು. ಒಂದು ಟೊಂಗೆ ಮುರಿದು ತಂದು ಅವನ ಮುಂದಿಟ್ಟರು.

"ಯಾರಿಗೂ ಹೇಳ್ಬೇಡಿ, ಫೋಟೋನೂ ಬೇಡ. ಏನಿದು ಅಂತ ಹುಡುಕಿ."

ಎಂಟು ವಾರ ಅವನು ಕಪಾಟುಗಳನ್ನು ಜಾಲಾಡಿದ. ಹೂವು ಒಂದು ಸಸ್ಯಕುಟುಂಬ ಹೇಳಿದರೆ ಕಾಯಿ ಇನ್ನೊಂದನ್ನು ಹೇಳುತ್ತಿತ್ತು. ಸಿಕ್ಕಿತು ಎಂದುಕೊಂಡಾಗಲೆಲ್ಲ ಎಲೆಯ ಅಂಚು ಕೈಕೊಡುತ್ತಿತ್ತು. ರೇಗಿ ಭೂತಗನ್ನಡಿಯನ್ನು ಮೇಜಿಗೆ ಕುಕ್ಕಿದ ದಿನವೇ ಹೊಳೆಯಿತು: ಸಿಗದಿರುವುದೇ ಉತ್ತರ. ಇದು ಹೊಸ ಜಾತಿ. ಮತ್ತೆ ದುಡಿಮೆ ತನ್ನದು, ಹೆಸರು ಅವರದು.

"ಇನ್ನೂ ಹುಡುಕ್ತಿದೀನಿ ಸರ್," ಎಂದ.

ನಿರ್ದೇಶಕರು ಮಗಳ ಮನೆಗೆ ಹೋದ ವಾರ ಏಳೂ ಗಿಡಗಳನ್ನು ಕಿತ್ತ. ಮೂರನ್ನು ನದಿಯಾಚೆಯ ಕಾಡಿನಲ್ಲಿ ಅಂಥದೇ ನೆರಳು ನೋಡಿ ನೆಟ್ಟು, ಬಾಡುವ ಮೊದಲೇ ಫೋಟೋ ತೆಗೆದ. ಒಂದನ್ನು ಬೇರುಸಮೇತ ಒಣಗಿಸಿ ಹಾಳೆಗೆ ಅಂಟಿಸಿ, ನದಿಯಾಚೆ ಸಿಕ್ಕ ಗಿಡವೆಂದು ತನ್ನ ಹೆಸರಿನಲ್ಲಿ ಬರೆದ ಲೇಖನದ ಜೊತೆ ವಿಜ್ಞಾನ ಪತ್ರಿಕೆಗೆ ಕಳಿಸಿದ. ಉಳಿದ ಮೂರು ಒಲೆ ಸೇರಿದವು. ನಿರ್ದೇಶಕರ ಟೊಂಗೆಯನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟ. ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯಿತು.

ವಾಪಸು ಬಂದ ನಿರ್ದೇಶಕರು ಕಾಡಿಗೆ ಹೋಗಿ, ಸಪ್ಪೆ ಮೋರೆ ಹಾಕಿಕೊಂಡು ತಿರುಗಿ ಬಂದರು. "ಒಂದೂ ಇಲ್ವಲ್ರೀ."

"ಹಂದಿ ಕೆದಕಿರ್ಬೇಕು ಸರ್."

ಅವರು ನಂಬಿದರು. ಗಿಡ ತಮ್ಮದೆನ್ನಲು ಅವರ ಬಳಿ ಒಂದೆಳೆ ಸಾಕ್ಷಿಯೂ ಉಳಿದಿರಲಿಲ್ಲ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವನು ಕಣ್ತುಂಬ ನಿದ್ದೆ ಮಾಡಿದ.

ತಿಂಗಳು ಕಳೆದ ಮೇಲೆ ಪತ್ರಿಕೆಯ ಪರವಾಗಿ ಗಿಡ ಪರೀಕ್ಷಿಸಿದ ಹಿರಿಯ ವಿಜ್ಞಾನಿ ಆ ಹಾಳೆ ಹಿಡಿದು ತಾವೇ ಬಂದರು. "ಹೊಸ ಜಾತಿನೇ, ಅನುಮಾನ ಇಲ್ಲ," ಎಂದು ಆಕೆ ನಿರ್ದೇಶಕರ ಎದುರೇ ಹೇಳಿದಾಗ ಅವನ ಎದೆ ಉಬ್ಬಿತು. ಆಮೇಲೆ ಆಕೆ ಸೂಜಿಮೊನೆಯಿಂದ ಬೇರಿನ ತುದಿ ತೋರಿಸಿದರು. ಅಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಕಂದು ಚೂರಿತ್ತು. "ಎಲೆ ಹಸಿರಾಗಿದ್ರೂ ಇದು ಮರದ ಬೇರಿಗೆ ಬಾಯಿ ಹಾಕಿ ಬದುಕೋ ಗಿಡ. ಕಿತ್ತಾಗ ಆ ಮರದ ಬೇರನ್ನೂ ಕಚ್ಕೊಂಡೇ ಬಂದಿದೆ. ಸೀಳಿ ನೋಡ್ದೆ, ಅಕ್ರೋಟ್ ಬೇರು. ನೀವು ಬರೆದಿರೋ ನದಿಯಾಚೆ ಕಾಡಲ್ಲಿ ಎರಡು ದಿನ ಅಲೆದೆ, ಒಂದೇ ಒಂದು ಅಕ್ರೋಟ್ ಮರ ಸಿಗ್ಲಿಲ್ಲ." ನಿರ್ದೇಶಕರು ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು. ಸಂಸ್ಥೆಯ ಹಿಂದಿನ ಇಡೀ ಕಾಡು ಅಕ್ರೋಟ್ ಮರಗಳದ್ದು.