ಹಸಿವಿನ ಉತ್ಸವ ಮತ್ತು ಮಲ್ಲೇಶನ ಡಬ್ಬಿ

"ಡಬ್ಬಿ ಇಡು," ಎಂದಳು ಅಮೂಲ್ಯಾ.

ಮಲ್ಲೇಶ ಬ್ಯಾಗನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದ. ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಮೇಜು ಹಾಕಿಕೊಂಡು ಕೂತಿದ್ದ ಅಮೂಲ್ಯಾಳ ಎದೆಯ ಮೇಲೆ ಹಳದಿ ಬ್ಯಾಡ್ಜ್ ಇತ್ತು. ಅದರ ಮೇಲೆ 'ವಾಲಂಟಿಯರ್' ಎಂದು ಬರೆದಿತ್ತು. ಅವಳ ಬೆನ್ನ ಹಿಂದೆ, ಕೋಣೆಯೊಳಗೆ, ದೊಡ್ಡ ಕ್ಲಾಸುಗಳ ಎಲ್ಲ ಟಿಫಿನ್ ಡಬ್ಬಿಗಳು ವಾಲಿಬಾಲ್ ನೆಟ್ಟಿನ ಪಕ್ಕ ಸಾಲಾಗಿ ಕೂತಿದ್ದವು.

"ಫಸ್ಟ್ ಪಿರಿಯಡ್ ಆದ ಮ್ಯಾಲೆ ಇಡ್ತೀನಿ," ಎಂದ ಮಲ್ಲೇಶ.

"ಇವತ್ತು ಪಿರಿಯಡ್ಡೇ ಇಲ್ಲ. ಫೆಸ್ಟಿವಲ್ ಐತಿ. ಇಡು."

ಅವನು ಇಟ್ಟ. ಒಂದರ ಮೇಲೊಂದು ಕೂರುವ ಎರಡು ಖಾನಿಯ ಸ್ಟೀಲ್ ಡಬ್ಬಿ ಅದು. ಐದನೇ ಕ್ಲಾಸಿನಲ್ಲಿ ಅಷ್ಟು ದೊಡ್ಡ ಡಬ್ಬಿ ಬೇರೆ ಯಾರದೂ ಇರಲಿಲ್ಲ. ದಿನಾ ಫಸ್ಟ್ ಪಿರಿಯಡ್‌ನಲ್ಲಿ ಮಲ್ಲೇಶ ಬೆಂಚಿನ ಕೆಳಗೆ ತಲೆ ಬಗ್ಗಿಸಿ ಅದರ ಮೇಲಿನ ಖಾನಿಗೆ ಕೈ ಹಾಕುತ್ತಿದ್ದ. ಮುಚ್ಚಳ ಟಕ್ಕೆಂದ ಕೂಡಲೇ ಅವನ ಮುಂದಿನ ಬೆಂಚಿನ ಅಮೂಲ್ಯಾ ಎದ್ದು ನಿಂತು, "ಟೀಚರ್, ಮಲ್ಲೇಶ ತಿನ್ನಾಕತ್ತಾನ್ರೀ," ಎನ್ನುತ್ತಿದ್ದಳು. ಅವನು ಡಬ್ಬಿ ಎತ್ತಿಕೊಂಡು ಹೊರಗೆ ಕಾರಿಡಾರಿನಲ್ಲಿ ನಿಲ್ಲುತ್ತಿದ್ದ. ಕ್ಲಾಸು ಅವನನ್ನು 'ಡಬಲ್ ಡಬ್ಬಿ' ಎಂದು ಕರೆಯುತ್ತಿತ್ತು. ಆ ಹೆಸರು ಹುಡುಕಿದವಳೂ ಅಮೂಲ್ಯಾಳೇ.

ಇವತ್ತಿನ ಈ ಡಬ್ಬಿ ಜಪ್ತಿಗೆ ಕಾರಣ ಮಾತ್ರ ಮರಿಸ್ವಾಮಿ ಸರ್. ಅವರು ಹಿಂದೊಮ್ಮೆ ಕಲಬುರಗಿಯಲ್ಲಿ ಎರಡು ದಿನದ ಸಿನಿಮಾ ಶಿಬಿರಕ್ಕೆ ಹೋಗಿದ್ದರು. ಹೋಗುವಾಗ ಸಮಾಜ ವಿಜ್ಞಾನದ ಮಾಸ್ತರು, ಬರುವಾಗ ಕೊರಳಿಗೆ ಮಫ್ಲರ್ ಸುತ್ತಿಕೊಂಡ ಫೆಸ್ಟಿವಲ್ ಡೈರೆಕ್ಟರು. ಸಿಂಧನೂರಿನ ಬಿಸಿಲಿಗೆ ಬೆವರು ಕಿತ್ತುಕೊಂಡು ಬಂದರೂ ಆ ಮಫ್ಲರ್ ಕೆಳಗಿಳಿಯಲಿಲ್ಲ.

ಸಿನಿಮಾ ಬರೀ ನೋಡಬಾರದು, ಅದರೊಳಗೆ ಮುಳುಗಬೇಕು ಎನ್ನುವುದು ಅವರು ಅಲ್ಲಿಂದ ಹೊತ್ತು ತಂದ ಜ್ಞಾನ. ಅದಕ್ಕೆ 'ಇಮ್ಮರ್ಸಿವ್ ಎಕ್ಸ್‌ಪೀರಿಯನ್ಸ್' ಎಂಬ ದೊಡ್ಡ ಹೆಸರೂ ಇತ್ತು. ಪ್ರತಿ ಉತ್ಸವಕ್ಕೆ ಒಂದು ಥೀಮ್ ಇರಬೇಕು, ಪ್ರೇಕ್ಷಕರು ಅದನ್ನು ಮೈಮೇಲೆ ಅನುಭವಿಸಬೇಕು, ಆಮೇಲೆ ಅವರಿಗೆ ಏನನ್ನಿಸಿತೆಂದು ಅಧ್ಯಯನ ಮಾಡಬೇಕು.

ಹೋದ ವರ್ಷದ ಥೀಮ್ 'ಮಳೆ'. ಸರ್ ಶಾಲೆಯ ಹಾಲ್‌ನ ಮೇಲಿನ ತಗಡಿನಲ್ಲಿ ತೂತು ಕೊರೆಸಿ ಮೇಲಿಂದ ಪೈಪು ಬಿಟ್ಟರು. ಮೊದಲು ಎಲ್‌ಕೆಜಿ ಮಕ್ಕಳು ನೆನೆದರು, ಆಮೇಲೆ ಪ್ರೊಜೆಕ್ಟರ್ ನೆನೆಯಿತು, ಸಿನಿಮಾ ಶುರುವಾಗಲೇ ಇಲ್ಲ. ಮಕ್ಕಳಿಗೆ ನೆಗಡಿ ಬಂತು, ಸರ್‌ಗೆ ಮಕ್ಕಳ ಅಪ್ಪ ಅಮ್ಮಂದಿರು ಬಂದರು. ಈ ವರ್ಷ ನೀರೂ ಬೇಡ, ಖರ್ಚೂ ಬೇಡ, ಅಂಥ ಥೀಮ್ ಇದ್ದರೆ ಹೇಳಿ ಎಂದು ಹೆಡ್ ಮೇಡಂ ಪಾರ್ವತೆಮ್ಮನವರು ಖಡಕ್ಕಾಗಿ ಹೇಳಿದ್ದರು.

ಸರ್ ಒಂದು ವಾರ ಗಡ್ಡ ಕೆರೆದುಕೊಂಡು 'ಹಸಿವು' ಎಂಬ ಥೀಮ್ ತಂದರು. ಊರ ಸುತ್ತ ರೈಸ್ ಮಿಲ್ಲು, ಕಾಲುವೆಯುದ್ದಕ್ಕೂ ಭತ್ತದ ಗದ್ದೆ. ಇಂಥ ಊರಿನಲ್ಲಿ ಹಸಿವನ್ನು ಎಲ್ಲಿಂದ ತರುತ್ತೀರಿ ಎಂದು ಮೇಡಂ ಕೇಳಿದರು. ಮುಂಜಾನೆ ಡಬ್ಬಿ ಇಸಿದುಕೊಂಡರೆ ಸಾಕು, ತಾನಾಗಿಯೇ ಬರುತ್ತದೆ ಎಂದರು ಸರ್.

ಡಬ್ಬಿ ಕೋಣೆಯ ಕೀಲಿಯನ್ನು ಅವರು ಅಮೂಲ್ಯಾಳ ಕೈಗೆ ಕೊಟ್ಟಿದ್ದರು. ಉತ್ಸವ ಮುಗಿಯುವವರೆಗೆ ಒಂದೇ ಒಂದು ಡಬ್ಬಿಯೂ ಹೊರಗೆ ಹೋಗದಿದ್ದರೆ ನಾಳೆಯಿಂದ ಅವಳೇ ಕ್ಲಾಸ್ ಲೀಡರ್. ಅಮೂಲ್ಯಾ ಮನೆಯಲ್ಲಿ ಎರಡು ದೋಸೆ, ಒಂದು ಲೋಟ ಹಾಲು ಮುಗಿಸಿ ಬಂದಿದ್ದಳು. ಹಸಿವಿನ ಥೀಮ್ ಅವಳಿಗೆ ಬಹಳ ಹಿಡಿಸಿತ್ತು.

ಹಾಲಿನ ಬಾಗಿಲಿಗೆ ಸರ್ ಮೂರು ಮುಖಗಳ ಚಿತ್ರ ಅಂಟಿಸಿದ್ದರು. ಒಂದು ನಗುವ ಮುಖ, ಒಂದು ಸುಮ್ಮನಿರುವ ಮುಖ, ಒಂದು ಅಳುವ ಮುಖ. ಸಿನಿಮಾ ನೋಡಿ ಹೊರಗೆ ಬರುವಾಗ ಪ್ರತಿಯೊಬ್ಬರೂ ತಮಗನ್ನಿಸಿದ ಮುಖದ ಮೇಲೆ ಒಂದೊಂದು ಬಿಂದಿ ಅಂಟಿಸಬೇಕು. ಅದೇ ಅಧ್ಯಯನ. ಬಿಂದಿಯ ಪ್ಯಾಕೆಟ್ಟುಗಳನ್ನು ಮೊದಲೇ ಹಂಚಿದ್ದರಿಂದ ಅರ್ಧ ತಾಸಿನಲ್ಲೇ ಎಲ್ಲ ಬಿಂದಿಗಳೂ ಹುಡುಗರ ಹಣೆ, ಮೂಗು, ಗಲ್ಲಗಳ ಮೇಲೆ ಹೋಗಿ ಕೂತವು.

ಮುಖ್ಯ ಅತಿಥಿ ಬಾರದೆ ಸಿನಿಮಾ ಶುರುವಾಗುವಂತಿರಲಿಲ್ಲ. ಅವರ ಹೆಸರು ಸಿದ್ದಲಿಂಗೇಶ್, ಲಿಂಗಸೂಗೂರಿನಲ್ಲಿ ಒಂದು ಸಿನಿಮಾ ಸಂಘದ ಅಧ್ಯಕ್ಷರು. ಕಾರಿನಲ್ಲಿ ಹೊರಟಿದ್ದಾರೆ ಎಂದರು. ಮುದಗಲ್ ಕ್ರಾಸ್ ದಾಟಿದ್ದಾರೆ ಎಂದರು. ಆಮೇಲೆ ಮಸ್ಕಿಯಲ್ಲಿ ನಿಂತಿದ್ದಾರೆ ಎಂದರು. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಯಾರೋ ಬಿಸಿ ಬಿಸಿ ಮಿರ್ಚಿ ಕರಿಯುತ್ತಿದ್ದರಂತೆ.

ಮರಿಸ್ವಾಮಿ ಸರ್ ಫೋನು ಕಿವಿಗಿಟ್ಟುಕೊಂಡು ಹಾಲಿನ ಬಾಗಿಲಲ್ಲೇ ನಿಂತು ಮಾತಾಡಿದರು. "ಆಗ್ಲಿ ಸರ್, ಆರಾಮ ತಿಂದು ಬರ್ರಿ. ಇಲ್ಲಿ ಹುಡುಗ್ರು ಹಸಕೊಂಡು ಕುಂತಾರ, ಎಲ್ಲಾ ರೆಡಿ ಐತಿ."

ಆಗ ಮಲ್ಲೇಶ ಅಮೂಲ್ಯಾಳ ಮೇಜಿನ ಹತ್ತಿರ ಬಂದ. ಅವನ ಹಣೆಯ ಮೇಲೆ ಬಿಂದಿ ಇರಲಿಲ್ಲ, ಬೆವರಿತ್ತು.

"ಅಮ್ಮು, ಕೀಲಿ ತಗಿಬೇ. ಮ್ಯಾಲಿನ ಖಾನಿ ಅಷ್ಟ ತಿಂತೀನಿ. ಕೆಳಗಿಂದು ಹಂಗ ಇರ್ಲಿ."

"ದಿನಾ ಮುಂಜಾನೆದ್ದು ತಿನ್ನೂದ ಆತು ನಿಂದು," ಎಂದಳು ಅಮೂಲ್ಯಾ. "ಇವತ್ತೊಂದಿನ ಹೊಟ್ಟಿಗೆ ಸೂಟಿ ಕೊಡು."

ಸುತ್ತ ನಿಂತ ಹುಡುಗರು ನಕ್ಕರು. ಮಲ್ಲೇಶ ಹೋಗಿ ಹಾಲಿನ ಕಂಬಕ್ಕೆ ಒರಗಿ ಕೂತ. ಅಮೂಲ್ಯಾ ಕೀಲಿಯನ್ನು ಮುಷ್ಟಿಯಲ್ಲಿ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಅತಿಥಿಗಳು ಬಂದಾಗ ಊಟದ ಬೆಲ್ಲಿನ ಹೊತ್ತಾಗಿತ್ತು. ಬೆಲ್ ಹೊಡೆಯಲಿಲ್ಲ. ಅಮೂಲ್ಯಾ ಕೀಲಿ ಹಿಡಿದುಕೊಂಡೇ ಹಾಲಿಗೆ ಬಂದು ಕೂತಳು. ಹಾರ, ಶಾಲು, ಸ್ವಾಗತ ಎಲ್ಲ ಮುಗಿದು ಕಿಟಕಿಗೆ ಕರಿ ಪರದೆ ಎಳೆದು ಸಿನಿಮಾ ಹಚ್ಚಿದರು. ಅದು ಯಾವುದೋ ದೇಶದ ಸಿನಿಮಾ. ಒಬ್ಬ ಹುಡುಗ ಖಾಲಿ ಬಟ್ಟಲು ಹಿಡಿದು ನಡೆಯುತ್ತಿದ್ದ. ಬಹಳ ಹೊತ್ತು ನಡೆದ. ಆಮೇಲೆ ಒಂದು ಗುಡ್ಡ ಬಂತು, ಅದನ್ನೂ ಹತ್ತಿ ನಡೆದ. ಹಿಂದಿನ ಸಾಲಿನಲ್ಲಿ ಯಾರೋ, ಇವನಿಗೆ ಒಂದು ಆಟೋನಾದ್ರೂ ಸಿಗಬಾರದೇನ್ರೀ ಎಂದು ಕೇಳಿ ಬೈಸಿಕೊಂಡರು.

ಸಿನಿಮಾದ ಹುಡುಗ ಕೊನೆಗೆ ಒಂದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದ. ಮರಿಸ್ವಾಮಿ ಸರ್ ಕಾದಿದ್ದು ಇದೇ ಗಳಿಗೆಗೆ. ಅವರು ಕಿಟಕಿಯ ಪರದೆ ಸರಿಸಿ ಹೊರಗೆ ಕೈ ಬೀಸಿದರು. ಅಲ್ಲಿ ಆಯಾ ಹಾಜಿರಾಬೀ ಗ್ಯಾಸ್ ಒಲೆ ಇಟ್ಟುಕೊಂಡು ಕೂತಿದ್ದರು. ಹಸಿದ ಮಕ್ಕಳ ಮೂಗಿಗೆ ವಾಸನೆ ಬಿಡುವ ಕೆಲಸ ನನಗೆ ಬೇಡ ಎಂದು ಮುಂಜಾನೆಯಿಂದ ಗೊಣಗಿದ್ದರು. ಯಾರೂ ಕೇಳಿರಲಿಲ್ಲ. ಈಗ ಕಾದ ಎಣ್ಣೆಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು ಬಿತ್ತು. ಅತಿಥಿಗಳಿಗಾಗಿ ಮಂಡಕ್ಕಿ ನೆನೆಸಿ ಮಾಡುವ ಮಂಡಾಳ ಒಗ್ಗರಣಿ ತಯಾರಾಗುತ್ತಿತ್ತು. ವಾಸನೆ ನೆಟ್ಟಗೆ ಹಾಲಿನೊಳಗೆ ಬಂತು.

ಇಡೀ ಹಾಲಿನ ತಲೆಗಳು ಸಿನಿಮಾ ಬಿಟ್ಟು ಕಿಟಕಿಯ ಕಡೆ ತಿರುಗಿದವು. ತೆರೆಯ ಮೇಲಿನ ಹುಡುಗ ಪಾಪ ಒಬ್ಬನೇ ಅಳುತ್ತ ನಿಂತ.

ಸಿನಿಮಾ ಮುಗಿದು ಬೆಳಕು ಹತ್ತಿದಾಗ ಮಲ್ಲೇಶ ಕಂಬಕ್ಕೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದ. ಮುಖ ಬಿಳಚಿಕೊಂಡಿತ್ತು. ಸರ್ ಓಡಿ ಹೋಗಿ ಮೊದಲು ಫೋಟೋ ಹೊಡೆದರು, ಆಮೇಲೆ ಅತಿಥಿಗಳನ್ನು ಕರೆದರು.

"ನೋಡ್ರೀ ಸರ್, ಹೆಂಗ ಮುಳುಗ್ಯಾನ," ಎಂದರು. ಹೆಮ್ಮೆಯಿಂದ ಅವರ ಕಣ್ಣು ತುಂಬಿ ಬಂದಿತ್ತು.

ಅತಿಥಿಗಳು ಸ್ಥಳದಲ್ಲೇ ಮಲ್ಲೇಶನನ್ನು 'ಉತ್ತಮ ಪ್ರೇಕ್ಷಕ' ಎಂದು ಘೋಷಿಸಿದರು. ಇಬ್ಬರು ಹುಡುಗರು ಅವನ ರಟ್ಟೆ ಹಿಡಿದು ಸ್ಟೇಜಿಗೆ ಹತ್ತಿಸಿದರು. ಅವನು ನಿಂತಲ್ಲೇ ಸ್ವಲ್ಪ ತೂಗುತ್ತಿದ್ದ. ಬಾಯಿಯ ಮುಂದೆ ಮೈಕು ಹಿಡಿದು ಅತಿಥಿಗಳು, ಸಿನಿಮಾ ನೋಡಿ ನಿನ್ನ ಮನಸ್ಸಿಗೆ ಏನನ್ನಿಸಿತು ಮಗು ಎಂದು ಕೇಳಿದರು.

"ನನ್ನ ಡಬ್ಬಿ ಕೊಡ್ರೀ," ಎಂದ ಮಲ್ಲೇಶ.

ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿಸಿತು. ಎಂಥ ಕಾಕತಾಳೀಯವೋ, ಸರ್ ಬಹುಮಾನಕ್ಕೆಂದು ತರಿಸಿದ್ದೂ ಒಂದು ಡಬ್ಬಿಯೇ. ಹೊಳೆಯುವ ಹೊಸ ಸ್ಟೀಲ್ ಡಬ್ಬಿ. ಹುಡುಗ ಬಲು ಚುರುಕು, ಬಹುಮಾನ ಮೊದಲೇ ಕಂಡುಹಿಡಿದಿದ್ದಾನೆ ಎಂದು ಅತಿಥಿಗಳು ಚಪ್ಪಾಳೆ ತಟ್ಟಿ ಅದನ್ನು ಕೊಟ್ಟರು. ಮಲ್ಲೇಶ ಆತುರದಿಂದ ಮುಚ್ಚಳ ತೆಗೆದ. ಒಳಗೆ ಬಗ್ಗಿ ನೋಡಿದ. ಮತ್ತೆ ಮುಚ್ಚಳ ಹಾಕಿದ.

ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಅಮೂಲ್ಯಾಳೂ ನಗಲು ಬಾಯಿ ತೆರೆದಳು, ಆದರೆ ನಗು ಬರಲಿಲ್ಲ. ಮಲ್ಲೇಶ ಆ ಖಾಲಿ ಡಬ್ಬಿಯ ಮುಚ್ಚಳ ಇನ್ನೊಮ್ಮೆ ತೆಗೆದು ನೋಡಿದ್ದನ್ನು ಅವಳು ಕಂಡಳು. ಕೀಲಿ ಅವಳ ಕೈಯಲ್ಲೇ ಇತ್ತು.

ಅತಿಥಿಗಳು ಭಾಷಣ ಶುರು ಮಾಡಿದರು. ಹಸಿವು ಮನುಷ್ಯನಿಗೆ ದೊಡ್ಡ ಗುರು ಎಂದರು. ಮಸ್ಕಿಯ ಮಿರ್ಚಿ ಅವರ ಧ್ವನಿಗೆ ಒಳ್ಳೆಯ ಬಲ ಕೊಟ್ಟಿತ್ತು, ಬೇಗ ಮುಗಿಸುವ ಲಕ್ಷಣ ಕಾಣಲಿಲ್ಲ. ಕ್ಲಾಸ್ ಲೀಡರ್ ಆಗಲು ಇನ್ನೊಂದು ಭಾಷಣದಷ್ಟೇ ದೂರವಿತ್ತು. ಅಮೂಲ್ಯಾ ಒಮ್ಮೆ ಬ್ಯಾಡ್ಜ್ ನೋಡಿಕೊಂಡಳು, ಒಮ್ಮೆ ಮಲ್ಲೇಶನನ್ನು ನೋಡಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಕೋಣೆಯ ಬೀಗ ತೆಗೆದು ಎರಡು ಖಾನಿಯ ಡಬ್ಬಿ ಎತ್ತಿಕೊಂಡಳು. ಬಾಗಿಲು ಹಾಕಲಿಲ್ಲ. ಹಾಲಿನ ನಟ್ಟನಡುವೆ ನಡೆದು ಹೋಗಿ ಸ್ಟೇಜಿನ ಮೇಲೆ ಡಬ್ಬಿ ಇಟ್ಟು, "ತಗೋ," ಎಂದಳು.

"ಡಬ್ಬಿ ಕೋಣಿ ತೆಗದೈತ್ರೋ," ಎಂದು ಹಿಂದಿನಿಂದ ಯಾರೋ ಕೂಗಿದರು.

ಮುಂದಿನದನ್ನು ಹೇಳಬೇಕಿಲ್ಲ. ಕುರ್ಚಿ ಉರುಳಿದವು, ಕರಿ ಪರದೆ ಹರಿಯಿತು, ಅಳುವ ಮುಖದ ಚಿತ್ರ ಕಾಲಡಿಗೆ ಸಿಕ್ಕಿತು. ಎರಡೇ ನಿಮಿಷದಲ್ಲಿ ಹಾಲಿನ ತುಂಬ ರೊಟ್ಟಿ, ಪುಂಡಿಪಲ್ಯ, ಚಿತ್ರಾನ್ನದ ವಾಸನೆ ಹರಡಿತು. ಮರಿಸ್ವಾಮಿ ಸರ್ ಮಫ್ಲರ್‌ನಿಂದ ಮುಖ ಒರೆಸಿಕೊಂಡು ಅತಿಥಿಗಳ ಕಿವಿಯಲ್ಲಿ, ಪ್ರೇಕ್ಷಕರು ಇಷ್ಟು ಪಾಲ್ಗೊಂಡ ಉತ್ಸವ ಕಲಬುರಗಿಯಲ್ಲೂ ಆಗಿಲ್ಲ ಎಂದರು.

ಮಲ್ಲೇಶ ನೀರಿನ ಟಾಕಿಯ ನೆರಳಿನಲ್ಲಿ ಕೂತು ತಿನ್ನುತ್ತಿದ್ದ. ಮೇಲಿನ ಖಾನಿ ಮುಗಿದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು. ಅಮೂಲ್ಯಾ ಅವನ ಹತ್ತಿರ ಹೋಗಿ ನಿಂತಳು.

"ಮುಂಜಾನೆ ಏನೂ ತಿಂದಿದ್ದಿಲ್ಲೇನು?" ಎಂದು ಕೇಳಿದಳು.

"ಇದ ಮುಂಜಾನಿದು," ಎಂದು ಮಲ್ಲೇಶ ಮೇಲಿನ ಖಾನಿ ತೋರಿಸಿದ. "ಕೆಳಗಿಂದು ಮಧ್ಯಾಹ್ನದ್ದು. ಅವ್ವ ಎರಡೂ ಕಟ್ಟಿಟ್ಟು ಹೋಗ್ತಾಳ."

ಅವನ ಅವ್ವ ಗಾಳೆಮ್ಮ ಲಿಂಗಸೂಗೂರು ಬಸ್ಸಿನ ಕಂಡಕ್ಟರ್. ಮೊದಲ ಬಸ್ಸಿನ ಡ್ಯೂಟಿ, ಬೆಳಕು ಹರಿಯುವ ಮೊದಲೇ ಗೊರೇಬಾಳದಿಂದ ಹೊರಡಬೇಕು. ಅಪ್ಪ ಬಸ್ಸಪ್ಪನಿಗೆ ರೈಸ್ ಮಿಲ್ಲಿನಲ್ಲಿ ರಾತ್ರಿ ಪಾಳಿ. ಅಪ್ಪ ಮನೆ ಮುಟ್ಟುವುದರೊಳಗೆ ಶಾಲೆಯ ಆಟೋ ಬಂದಿರುತ್ತದೆ. ಇದನ್ನೆಲ್ಲ ಮಲ್ಲೇಶ ರೊಟ್ಟಿ ಮುರಿಯುತ್ತಲೇ ಹೇಳಿದ.

"ಹಂಗಾರ ಆಟೋ ಬರೂದ್ರಾಗ ಮನ್ಯಾಗ ತಿನ್ನಬೇಕಿಲ್ಲೋ," ಎಂದಳು ಅಮೂಲ್ಯಾ. "ಕ್ಲಾಸ್‌ನ್ಯಾಗ ಯಾಕ ತಿಂತಿ?"

ಮಲ್ಲೇಶ ತುತ್ತು ನುಂಗಿದ. "ಮನ್ಯಾಗ ಯಾರೂ ಇರಂಗಿಲ್ಲ. ಒಬ್ಬನ ಕುಂತು ಉಣ್ಣಾಕ ಮನಸ್ಸ ಆಗಂಗಿಲ್ಲ. ಕ್ಲಾಸ್‌ನ್ಯಾಗ ನೀವೆಲ್ಲಾ ಇರ್ತೀರಿ."

ಅಮೂಲ್ಯಾಳಿಗೆ ಕಾರಿಡಾರ್ ನೆನಪಾಯಿತು. ಎಲ್ಲರ ನಡುವೆ ಕೂತು ತಿನ್ನಲು ಗೊರೇಬಾಳದಿಂದ ಡಬ್ಬಿ ಹೊತ್ತು ತಂದವನು ದಿನಾ ಅಲ್ಲಿ ಒಬ್ಬನೇ ನಿಲ್ಲುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ಬ್ಯಾಡ್ಜಿನ ಪಿನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಅದೂ ಬಹಳ ಹೊತ್ತು ಉಳಿಯಲಿಲ್ಲ. ಸಂಜೆ ಸರ್ ಅವಳನ್ನು ಕರೆದು, ಉತ್ಸವದ ಶಿಸ್ತು ಹಾಳು ಮಾಡಿದೆ ಎಂದು ಬೈದು, ಅದನ್ನು ಇಸಿದುಕೊಂಡು ಅದೇ ಕ್ಲಾಸಿನ ನಾಸೀರ್‌ಗೆ ಕೊಟ್ಟು, ನಾಳೆಯಿಂದ ಅವನೇ ಲೀಡರ್ ಎಂದರು.

ಮರುದಿನ ಫಸ್ಟ್ ಪಿರಿಯಡ್ ಗಣಿತ. ಹೊಸ ಲೀಡರ್ ನಾಸೀರ್ ಬೆನ್ನು ನೆಟ್ಟಗೆ ಮಾಡಿಕೊಂಡು ಮೊದಲ ಬೆಂಚಿನಲ್ಲಿ ಕೂತಿದ್ದ. ಟೀಚರ್ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯುತ್ತಿದ್ದರು. ಅಮೂಲ್ಯಾಳ ಹಿಂದೆ ಮೆಲ್ಲಗೆ ಬ್ಯಾಗಿನ ಜಿಪ್ ಸರಿಯಿತು.

ಅಮೂಲ್ಯಾ ಕಂಪಾಸ್ ಬಾಕ್ಸನ್ನು ಮೊಣಕೈಯಿಂದ ತಳ್ಳಿದಳು. ಅದು ದಡಾರನೆ ಬಿದ್ದು ಕೈವಾರ, ಕೋನಮಾಪಕ, ಪೆನ್ಸಿಲ್ಲು ಎಲ್ಲ ಚೆಲ್ಲಾಪಿಲ್ಲಿಯಾದವು. ಆ ಸದ್ದಿನಲ್ಲಿ ಡಬ್ಬಿಯ ಟಕ್ ಯಾರಿಗೂ ಕೇಳಿಸಲಿಲ್ಲ. ಟೀಚರ್ ತಿರುಗಿ, ಕೈಯಲ್ಲಿ ಜೀವ ಇಲ್ಲವೇನು ಎಂದು ಬೈದರು. ಅಮೂಲ್ಯಾ ಸಾರಿ ಟೀಚರ್ ಎಂದು ಎಲ್ಲ ಹೆಕ್ಕಿಕೊಂಡು ಕೂತಳು.

ಮನೆಯಲ್ಲಿ ಇವತ್ತೂ ಎರಡು ದೋಸೆ ಆಗಿತ್ತು, ಹೊಟ್ಟೆ ತುಂಬಿತ್ತು. ಆದರೂ ಅವಳು ಬೋರ್ಡಿನ ಕಡೆಗೇ ಮುಖ ಇಟ್ಟುಕೊಂಡು, ಬೆಂಚಿನ ಕೆಳಗಿನಿಂದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಳು.

ಆಮೇಲೆ ಅಂಗೈ ಮೇಲೆ ಖಾರದ ಶೇಂಗಾ ಹಿಂಡಿ ಸವರಿದ ಒಂದು ಚೂರು ರೊಟ್ಟಿ ಬಂದು ಕೂತಿತು.