ಹೊಗೆಯ ದಾರಿ ಕಟ್ಟಿದವರು ಯಾರು?

ಕೀ ತಿರುಗಿಸಿದರೆ ಅಂಬಾಸಿಡರ್ ಗುರ್ರೆನ್ನುತ್ತಿತ್ತು. ಎರಡು ಸಲ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ನಾಲ್ಕನೆಯ ಸಲವೂ ಅದೇ!

ಹಿಂದಿನ ಸೀಟಿನಲ್ಲಿ ಹೆರಿಗೆ ನೋವಿನಿಂದ ನರಳುತ್ತಿದ್ದ ಹೆಂಡತಿ ಓಬವ್ವನನ್ನು ನೋಡಿ ಟ್ಯಾಕ್ಸಿ ಡ್ರೈವರ್ ಚಿತ್ತಪ್ಪನಿಗೆ ಕೈಕಾಲೇ ಆಡಲಿಲ್ಲ. ಕೂಸು ಅಡ್ಡ ಮಲಗಿದೆ, ತಕ್ಷಣ ದುರ್ಗದ ಆಸ್ಪತ್ರೆಗೆ ಒಯ್ಯಿರಿ ಎಂದು ನರ್ಸಮ್ಮ ಹೇಳಿಹೋಗಿ ಅರ್ಧ ಗಂಟೆಯಾಗಿತ್ತು. 1974ರ ಹಿರಿಯೂರಿನಲ್ಲಿ ಬೇರೆ ಕಾರು ಹುಡುಕುವುದೆಂದರೆ ಹುಡುಗಾಟವೆ? ಬಾಗಿಲಲ್ಲಿ ಅವನವ್ವ ಕೆಂಚಕ್ಕ ಕೈಯಲ್ಲಿ ಊದುಗೊಳವೆ ಹಿಡಿದೇ ಅಳುತ್ತಿದ್ದಳು.

ಎದುರು ಗ್ಯಾರೇಜಿನ ರೌಫನನ್ನು ನಿತ್ಯ ಆಡಿಕೊಳ್ಳುವ ಚಿತ್ತಪ್ಪ, ಸಂಕಟ ಬಂದಾಗ ವೆಂಕಟರಮಣ ಎಂಬಂತೆ ಅವನನ್ನೇ ಕೂಗಿದ.

"ಇದು ಆ ಇನ್ನೊಂದು ಟ್ಯಾಕ್ಸಿ ಓಡಿಸೋ ಪಾಪಣ್ಣಂದೇ ಕಿತಾಪತಿ, ಭಾಯ್! ನಿನ್ನೆ ಸ್ಟ್ಯಾಂಡಿನಾಗೆ ಬಾಡಿಗೆಗೆ ಜಗಳ ಆಡಿದ್ದ. ಪೆಟ್ರೋಲಿಗೆ ನೀರು ಹಾಕವ್ನೆ!"

"ಬೆಳಿಗ್ಗೆ ಗಾಡಿ ಓಡ್ತಾ?"

"ಒಂದು ಗಂಟೆ ಹಿಂದೆ ನರ್ಸಮ್ಮನ್ನ ಕರ್ಕಂಡು ಬಂದಿದ್ದೇ ಇದ್ರಾಗೆ."

"ಪಾಪಣ್ಣ ಎಲ್ಲವ್ನೆ?"

"ಮುಂಜಾನೇನೆ ಹೊಸದುರ್ಗಕ್ಕೆ ಹೋದ."

"ಹಂಗಾದ್ರೆ ಅವನಲ್ಲ. ಇದು ಈಗ, ಇಲ್ಲೇ ಆಗಿರಾದು."

ರೌಫ್ ಪ್ಲಗ್ ನೋಡಿದ—ಕಿಡಿ ಸರಿ. ಪೆಟ್ರೋಲ್ ಮೂಸಿದ—ಸರಿ. ಮತ್ತೆ ಸ್ಟಾರ್ಟ್ ಮಾಡಿಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದ. ಗಾಳಿಯೇ ಇಲ್ಲ! ಕೊಕ್ಕೆ ತೂರಿಸಿ ಎಳೆದರೆ ಒದ್ದೆ ತೆಂಗಿನ ನಾರು ಹಿಡಿಹಿಡಿಯಾಗಿ ಬಂತು.

"ಯಾವ ಪಾಪಿ—"

ಚಿತ್ತಪ್ಪ ಮಾತು ಮುಗಿಸುವ ಮೊದಲೇ ರೌಫ್ ಕೆಂಚಕ್ಕನ ಕೈಯಿಂದ ಊದುಗೊಳವೆ ತೆಗೆದುಕೊಂಡು ಅದರ ತುದಿಯನ್ನು ಅವನ ಮೂಗಿಗೆ ಹಿಡಿದ.

"ಮೂಸು. ಒಲೆ ಮಸಿಗೆ ಪೆಟ್ರೋಲ್ ವಾಸನೆ ಇರ್ತದಾ? ನಾವೆಲ್ಲ ಇಂಜಿನ್ ನೋಡ್ತಿದ್ವಿ, ಈ ಊದುಗೊಳವೆನ ಯಾರೂ ನೋಡ್ಲಿಲ್ಲ. ಅಷ್ಟು ಒಳಗೆ ನಾರು ಗಿಡಿಯಾಕೆ ಉದ್ದದ್ದೊಂದು ಬೇಕು. ಹೊಗೆಗೆ ದಾರಿ ಇಲ್ದಿದ್ರೆ ಬೆಂಕಿ ಆರ್ತದೆ ಅಂತ ಒಲೆ ಮುಂದೆ ಕುಂತೋರಿಗೆ ಗೊತ್ತಿರ್ತದೆ. ಹೌದಲ್ರೀ, ಕೆಂಚಕ್ಕ?"

ಮುದುಕಿ ಕುಸಿದು ಕೂತಳು.

"ನಿಮ್ಮಕ್ಕ ಕಾಟಮ್ಮನ್ನೂ ಹೆರಿಗೆಗೆ ಅಂತ ಹಿಂಗೇ ಕಾರಿನಾಗೆ ದುರ್ಗಕ್ಕೆ ಒಯ್ದ್ರಿ. ತಿರುಗಿ ಬಂದಿದ್ದು ಹೆಣ ಕಣೋ! ಇವಳನ್ನೂ ಕಳಕಳ್ಳಾಕೆ ನನ್ನ ಕೈಲಾಗಲ್ಲ."

ಚಿತ್ತಪ್ಪ ಅವ್ವನ ಮೇಲೆ ಎತ್ತಿದ್ದ ಕೈ ಇಳಿಸಿದ. ಅದೇ ಭಯ ಬೆಳಗಿನಿಂದ ಅವನಿಗೂ ಇತ್ತು.

ಕಾರಿನೊಳಗಿನಿಂದ ಓಬವ್ವ ಹಲ್ಲುಕಚ್ಚಿ ಕರೆದಳು. "ಅತ್ತೇ, ಹತ್ತು. ನಂಗೂ ಹೆದರಿಕೆ ಆಗ್ತೈತೆ. ನನ್ನ ಕೈ ಹಿಡ್ಕಾ."

ಕೆಂಚಕ್ಕ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಪಕ್ಕ ಕೂತು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಏನು ನೋಡ್ತೀಯಲೇ? ಬಿಡು ಗಾಡಿ!"