ತೆರೆದ ಕಾರಿನ ಶಿಳ್ಳೆ

ಇಂಪಾಲಾ ಕಾರಿನ ಹಿಂದಿನ ಸೀಟು ಕಿತ್ತ ಗಳಿಗೆಯಲ್ಲಿ ನನ್ನ ಕೈ ನಿಂತೇಹೋಯಿತು.

ವೈರುಗಳ ಕಟ್ಟು. ಮೇಣ ಹಚ್ಚಿದ ದಾರದಲ್ಲಿ, ಎರಡೆರಡು ಬೆರಳಿಗೊಂದು ಗಂಟು. ಎಲ್ಲ ಗಂಟುಗಳೂ ಎಡಕ್ಕೆ!

ನಮ್ಮ ಈಸ್ಟ್ ಲಾಸ್ ಏಂಜಲೀಸಿನಲ್ಲಿ ಈಗ ಎಲ್ಲರೂ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೈ ತೊಳೆದುಕೊಳ್ಳುತ್ತಾರೆ. ದಾರದಲ್ಲಿ ಹೀಗೆ ಕಟ್ಟುವವರು ಇಬ್ಬರೇ. ಟೆಲಿಫೋನ್ ಕಂಪನಿಯಲ್ಲಿದ್ದ ನಮ್ಮಪ್ಪ ಕಲಿಸಿದ್ದು ಇಬ್ಬರಿಗೇ. ಒಬ್ಬಳು ನಾನು, ಓಫೀಲಿಯಾ. ಇನ್ನೊಬ್ಬ ಎಡಚ... ನನ್ನ ತಮ್ಮ ರಮೀರೊ!

ರಮೀರೊ ಕಾಣೆಯಾಗಿ ಐದು ತಿಂಗಳು.

ಗಂಟು ಮುಟ್ಟಿ ನೋಡಿದೆ. ಮೇಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಹಾಗಾದರೆ... ಈ ವಾರ ಕಟ್ಟಿದ್ದು. ಹಾಗಾದರೆ... ಬದುಕಿದ್ದಾನೆ!

"ಏನ್ ಸೆನ್ಯೋರಾ, ಒಳಗೆ ನಿಧಿ ಗಿಧಿ ಸಿಕ್ತಾ?"

ಬೆನ್ನ ಹಿಂದೆ ಟಾವೊ. ಒಂದು ಕೈಯಲ್ಲಿ ಜೋಳದ ಕಡುಬು ತಮಾಲೆ, ಸೊಂಟದಲ್ಲಿ ಪಿಸ್ತೂಲು. ಕಾರಿನ ಒಡೆಯ ಕ್ವಿಂತೆರೊ ಅವನನ್ನು ಬೆಳಿಗ್ಗೆಯಿಂದ ನನ್ನ ಕಾವಲಿಗೆ ಬಿಟ್ಟಿದ್ದ.

"ಇಲಿ ಗೂಡು ಕಟ್ಟಿದೆ ಕಣಪ್ಪ," ಎಂದೆ.

ನಗಬೇಡಿ. ಹನ್ನೊಂದು ವರ್ಷ ನಾನು ಕಳುವಾದ ಕಾರುಗಳನ್ನು ಹುಡುಕಿ ತರುವ ಕೆಲಸ ಮಾಡಿದವಳು. ಚಾಕು ಕಂಡಿದ್ದೇನೆ, ನಾಯಿ ಕಂಡಿದ್ದೇನೆ. ಗಂಡ ಸತ್ತ ಮೇಲೆ ಕಾರಿಗೆ ಸ್ಪೀಕರು ಕೂರಿಸುವ ಅವನ ಸೌಂಡ್ ಅಂಗಡಿ ಹಿಡಿದೆ. ಬೋರ್ಡಿನ ಮೇಲೆ ಇರುವುದು ಗಂಡನ ಹೆಸರು, ಅರ್ವಿಸು. ತಮ್ಮನ ಹೆಸರು ಬರಗಾನ್. ಅದೊಂದೇ ನನ್ನ ಪುಣ್ಯ. ನಾನು ಯಾರೆಂದು ಇವರಿಗೆ ಗೊತ್ತಿಲ್ಲ.

ಆದರೂ ಅವತ್ತು ಹೆದರಿದಷ್ಟು ಎಂದೂ ಹೆದರಿರಲಿಲ್ಲ. ನನ್ನ ಮುಖ ಒಂದು ಕ್ಷಣ ಬಾಯಿಬಿಟ್ಟರೆ ಸಾಯುವವನು ರಮೀರೊ!

ಟಾವೊ ತಮಾಲೆ ಅಗಿಯುತ್ತ ಗೋಡೆಯ ಕಡೆ ನಡೆದ. ಗೋಡೆಯ ತುಂಬ ಫೋಟೋ. ಹಳೆಯ ಕಾರುಗಳು... ನನ್ನ ಮದುವೆ... ಮೂರನೆಯ ಸಾಲಿನಲ್ಲಿ, ಅಯ್ಯೋ ಗ್ವಾಡಲೂಪೆ ತಾಯಿ... ನಾನು ಮತ್ತು ರಮೀರೊ, ಹೆಗಲ ಮೇಲೆ ಕೈ!

ಮೊದಲ ಸಾಲು ನೋಡಿದ. ಎರಡನೆಯದು ನೋಡಿದ.

"ಎಲ್ಲಾ ನಿಮ್ಮ ಗಿರಾಕಿಗಳಾ?"

ನಾನು ಆಗಷ್ಟೇ ಡಿಕ್ಕಿಯಲ್ಲಿ ಹದಿನೈದು ಇಂಚಿನ ಎರಡು ವೂಫರು ಸ್ಪೀಕರು ಕೂರಿಸಿ ಮುಗಿಸಿದ್ದೆ. ಟಾಪ್ ಇಳಿಸಿದ ತೆರೆದ ಕಾರಿನಲ್ಲಿ ಬೇಸಿನ ಗುಡುಗು ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ಪೆಟ್ಟಿಗೆಯ ಬಾಯನ್ನು ಸೀಟಿನ ಬೆನ್ನಿಗೇ ತಿರುಗಿಸಿ, ಸದ್ದು ಹೆಚ್ಚಿಸುವ ಆಂಪನ್ನು ಬೇಕಾದ್ದಕ್ಕಿಂತ ದೊಡ್ಡದೇ ಹಾಕುತ್ತೇವೆ.

ಆಂಪಿನ ಗುಂಡಿ ಪೂರ್ತಿ ತಿರುಗಿಸಿದೆ.

ಧೂಮ್...!

ಷಟರು ನಡುಗಿತು. ಕಾಫಿ ಲೋಟ ಮೇಜಿನ ಮೇಲೆ ನಡೆದುಹೋಯಿತು. ಟಾವೊ ಕಿವಿ ಮುಚ್ಚಿ ಕುಕ್ಕರಿಸಿದ. ಗೋಡೆಯ ಮೊಳೆಗಳಿಂದ ಫೋಟೋಗಳು ಉದುರಿದವು. ನಮ್ಮಿಬ್ಬರದು ಅವನ ಬೂಟಿನ ಪಕ್ಕದಲ್ಲೇ ಬಿತ್ತು... ಬೋರಲಾಗಿ!

"ನಿಮ್ಮವ್ವನ್! ಹೇಳಿ ಹಾಕ್ಬಾರ್ದಾ?"

"ಸಾರಿ ಕಣಪ್ಪ. ಕೈ ಜಾರ್ತು."

ಗಾಜು ಗುಡಿಸುವ ನೆಪದಲ್ಲಿ ಫೋಟೋವನ್ನು ಕಸದ ಡಬ್ಬಕ್ಕೆ ತಳ್ಳಿದೆ.

ಈಗ ಯೋಚನೆ ಮಾಡು, ಓಫೀಲಿಯಾ. ಪೊಲೀಸಿಗೆ ಹೇಳಿದರೆ? ಎಲ್ಲಿ ಅಂತ ಹೇಳುವುದು? ಇವರು ರಮೀರೊನನ್ನು ಎಲ್ಲಿಟ್ಟಿದ್ದಾರೋ ನನಗೇ ಗೊತ್ತಿಲ್ಲ. ಟಾವೊನನ್ನು ಹಿಡಿದರೆ ಅಲ್ಲಿ ಅವನನ್ನು ಮುಗಿಸುತ್ತಾರೆ.

ಕ್ವಿಂತೆರೊ ತಾನಾಗಿಯೇ ನನ್ನನ್ನು ಅಲ್ಲಿಗೆ ಕರೆದೊಯ್ಯಬೇಕು.

ಆಂಪಿನ ಅರ್ತಿಂಗ್ ಬೋಲ್ಟು ಹುಡುಕಿದೆ. ಎರಡು ಸುತ್ತು ಸಡಿಲಿಸಿದೆ. ನಲವತ್ತು ವರ್ಷದ ಬದುಕಿನಲ್ಲಿ ಮೊದಲ ಬಾರಿಗೆ ಬೇಕೆಂದೇ ಕೆಲಸ ಕೆಡಿಸಿದೆ.

ಮಧ್ಯಾಹ್ನ ಕ್ವಿಂತೆರೊ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹ್ಯಾಟು, ಮೆಲ್ಲನೆಯ ಮಾತು. ಮೆಲ್ಲನೆ ಮಾತಾಡುವವರನ್ನು ಕಂಡರೆ ನನಗೆ ಹೆಚ್ಚು ಭಯ.

"ಆಯ್ತಾ? ನಾಲ್ಕು ಗಂಟೆಗೆ ಬುಲೆವಾರ್ಡ್ ರಸ್ತೇಲಿ ಎಲ್ಲಾ ಕಾರ್ ಕ್ಲಬ್ಬಿನವರೂ ಗಾಡಿ ಮೆರೆಸೋಕೆ ಬಂದಿರ್ತಾರೆ. ನನ್ನ ಇಂಪಾಲಾ ಬಂದ್ರೆ ಕಣ್ಣಿಗಿಂತ ಮುಂಚೆ ಎದೆಗೆ ಗೊತ್ತಾಗ್ಬೇಕು."

"ಸ್ಟಾರ್ಟ್ ಮಾಡಿ, ಕೇಳಿ."

ಎಂಜಿನ್ ಹತ್ತಿತು. ಹಾಡು ಶುರುವಾಯಿತು. ಹಾಡಿನೊಳಗಿಂದ ಸಣ್ಣಗೆ... ಕೀ...ಯ್! ಕಾಲು ಒತ್ತಿದಷ್ಟೂ ಶಿಳ್ಳೆ ಏರಿತು. ಅರ್ತಿಂಗ್ ಸಡಿಲಾದರೆ ಎಂಜಿನ್ನಿನ ಕರೆಂಟು ಹೀಗೆ ಹಾಡಿನೊಳಗೆ ನುಸುಳುತ್ತದೆ.

ಅವನ ಮುಖ ಹುಳಿ ತಿಂದಂತಾಯಿತು.

"ಏನಿದು? ಕುಕ್ಕರ್ ಇಟ್ಟಿದೀಯಾ ಒಳಗೆ?"

"ನಂದಲ್ಲ ಸಾರ್. ಹಳೇ ವೈರಿಂಗಿಂದು. ಮಾಡಿದೋನು ಅರ್ತಿಂಗ್ ಎಲ್ಲಿ ಕೊಟ್ಟಿದಾನೋ ಸಿಗ್ತಿಲ್ಲ. ಅವನ್ನ ಕರೆಸಿ, ಹತ್ತು ನಿಮಿಷದ ಕೆಲಸ."

"ಅವನು ಹೊರಗೆ ಬರಲ್ಲ."

"ಹಾಗಾದ್ರೆ ಶಿಳ್ಳೆ ಹೊಡ್ಕೊಂಡೇ ಹೋಗಿ ಬುಲೆವಾರ್ಡಿಗೆ. ನಗೋರು ನಗ್ತಾರೆ."

ಅಂದುಬಿಟ್ಟೆ! ಅವನು ನನ್ನನ್ನೇ ನೋಡಿದ.

ಕೊಲೆ ಮಾಡಿ ಸಿಕ್ಕಿಬೀಳುವ ಭಯ ಇಂಥವರಿಗಿಲ್ಲ. ಭಾನುವಾರ ಬುಲೆವಾರ್ಡಿನಲ್ಲಿ ನಗೆಪಾಟಲಾಗುವ ಭಯವಿದೆ!

"ಕಾರು ಹತ್ತು," ಎಂದ.

ಟಾಪ್ ಇಳಿಸಿಕೊಂಡೇ ಹೋದೆವು. ನಾನು ಕ್ವಿಂತೆರೊನ ಪಕ್ಕದಲ್ಲಿ ಕೂತೆ. ಹಿಂದೆ ಟಾವೊನ ಪಿಕಪ್. ಪಕ್ಕದ ಊರು ವರ್ನನ್ನಿನ ಮಾಂಸದ ಕಾರ್ಖಾನೆಗಳ ನಡುವೆ ಒಂದು ಗೋದಾಮು, ಒಂದೇ ಬಾಗಿಲು. ಒಳಗೆ ಸಾಲಾಗಿ ಕದ್ದ ಹಳೆಯ ಕಾರುಗಳು, ಅರ್ಧ ಬಣ್ಣ ಬಳಿದವು. ಇವಕ್ಕೆ ವೈರು ಎಳೆಯಲೆಂದೇ ತಮ್ಮನನ್ನು ಹಿಡಿದಿಟ್ಟಿದ್ದು! ನಾಲ್ಕು ಜನ ಆಳುಗಳು.

ಕ್ವಿಂತೆರೊ ಕಾರನ್ನು ಹಿಮ್ಮುಖವಾಗಿ ತಂದು, ಮೂತಿ ಹೊರಗೆ ಮಾಡಿ, ಸರಿಯಾಗಿ ಬಾಗಿಲಲ್ಲೇ ನಿಲ್ಲಿಸಿದ. ಬಣ್ಣದ ಮೇಲೆ ಬಿಸಿಲು ಬೀಳಬೇಕಲ್ಲ! ಸ್ವಿಚ್ಚು ಒತ್ತಿದ. ಕಾರನ್ನು ಏರಿಸಿ ಇಳಿಸುವ ಪಂಪುಗಳು ಉಸ್ಸೆಂದವು, ಕಾರು ಹೊಟ್ಟೆ ನೆಲಕ್ಕೆ ತಾಗುವಂತೆ ಕೂತಿತು. ಚಂದ ಕಾಣುವುದೇ ಹಾಗೆ.

"ಎಡಚನ್ನ ಕರೀರೋ!"

ಬಂದ. ಎಡಗಾಲು ಎಳೆದುಕೊಂಡು. ಕೆನ್ನೆ ಒಳಗೆ ಹೋಗಿತ್ತು. ತಲೆ ಎತ್ತಿದ... ನನ್ನನ್ನು ಕಂಡ.

ನನ್ನ ಎದೆ ವೂಫರಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅಕ್ಕ ಅನ್ನಬೇಡ ಕಂದ... ಅನ್ನಬೇಡ!

"ಯಾರಿವ್ರು?" ಎಂದ ರಮೀರೊ. ಕಣ್ಣು ಮಿಟುಕಿಸಲಿಲ್ಲ.

"ಸೌಂಡಿನವಳು. ಶಿಳ್ಳೆ ಬರ್ತಿದೆ. ನಿಂದೇ ತಪ್ಪಂತೆ," ಟಾವೊ ನಕ್ಕ. "ಇನ್ನೊಂದು ಕಾಲೂ ಬೇಡ್ವಾ ನಿಂಗೆ?"

ರಮೀರೊ ಡಿಕ್ಕಿಯೊಳಗೆ ಬಗ್ಗಿದ. ನಾನೂ ಬಗ್ಗಿದೆ. ಅವನ ಬೆರಳು ನೇರವಾಗಿ ಆ ಬೋಲ್ಟಿನ ಮೇಲೆ ಹೋಯಿತು. ಅದು ಹಲ್ಲಿನಂತೆ ಅಲುಗಾಡಿತು.

"ಬೋಲ್ಟು ಬಿಗಿಯಾಗೇ ಇದೆಯಲ್ಲ ಮೇಡಂ," ಎಂದ, ಎಲ್ಲರಿಗೂ ಕೇಳುವಂತೆ.

ಅರ್ಥವಾಯಿತು ಅವನಿಗೆ! ಅಳು ಬಂತು. ನುಂಗಿದೆ.

"ಹಾಗಾದ್ರೆ ಎಂಜಿನ್ ಆಫ್ ಮಾಡಿ ಹಾಡು ಹಾಕ್ಬೇಕು ಸಾರ್," ಎಂದು ಕೂಗಿದೆ. "ಪೂರ್ತಿ ಸೌಂಡಿಗೆ. ಆಗ ಶಿಳ್ಳೆ ಬರುತ್ತೋ ನೋಡೋಣ."

ಎಂಜಿನ್ ನಿಂತಿತು. ಶಿಳ್ಳೆಯೂ ನಿಂತಿತು. ಉಳಿದದ್ದು ಬರೀ ಬೇಸು!

ತಗಡಿನ ಗೋದಾಮು ಗುಡುಗಿತು. ಆಳುಗಳು ಕೈ ತಟ್ಟಿದರು. ಕ್ವಿಂತೆರೊ ಹ್ಯಾಟು ಹಿಂದಕ್ಕೆ ತಳ್ಳಿ, ಕಣ್ಣು ಮುಚ್ಚಿ, ಸ್ಟೀರಿಂಗಿನ ಮೇಲೆ ತಾಳ ಹಾಕಿದ. ಒಂದು ಹಾಡು... ಎರಡು... "ಇರ್ಲಿ, ಇನ್ನೊಂದು!" ಎಂದ. ನಾನು ಬೇಡವೆನ್ನಲಿಲ್ಲ.

ಎಂಜಿನ್ನಿಗೆ ಒಂದು ಬ್ಯಾಟರಿ, ಪಂಪಿಗೂ ಸೌಂಡಿಗೂ ಬೇರೆ ಬ್ಯಾಟರಿಗಳು. ಹಾಗೆ ಬೇರೆ ಮಾಡುವುದು ನಮ್ಮ ಕಸುಬಿನ ಮೊದಲ ಪಾಠ. ಬೆಳಿಗ್ಗೆ ಬೋಲ್ಟು ಸಡಿಲಿಸಿದ ಮೇಲೆ ನಾನು ಎಲ್ಲವನ್ನೂ ಒಂದಕ್ಕೇ ಕಟ್ಟಿದ್ದೆ.

ಐದನೆಯ ಹಾಡಿನ ನಡುವೆ ಹಾಡುವವನ ಗಂಟಲು ಕಟ್ಟಿತು. ಮೌನ.

ಕ್ವಿಂತೆರೊ ಕೀಲಿ ತಿರುಗಿಸಿದ. ಟಿಕ್. ಟಿಕ್. ಪಂಪಿನ ಸ್ವಿಚ್ಚು ಒತ್ತಿದ. ಏನಿಲ್ಲ. ಕಾರು ನೆಲಕ್ಕೆ ಅಂಟಿಕೊಂಡು ಕೂತಿತ್ತು.

"ಬ್ಯಾಟರಿ ಕೂತಿದೆ ಸಾರ್. ಇನ್ನೊಂದ್ ಗಾಡಿಯಿಂದ ಕೊಟ್ರೆ ಎರಡು ನಿಮಿಷ."

"ಟಾವೊ! ಪಿಕಪ್ ತಗೊಂಬಾ!"

ನಿಜ ಹೇಳುತ್ತೇನೆ, ಅಲ್ಲಿಂದ ಮುಂದಕ್ಕೆ ನಾನು ಯೋಚಿಸಿಯೇ ಇರಲಿಲ್ಲ. ಪಿಕಪ್ ಹೊರಗಿನಿಂದ ಬಂದು ಮೂತಿಗೆ ಮೂತಿ ಇಟ್ಟು ನಿಂತಿತು. ಎಂಜಿನ್ ಓಡುತ್ತಿತ್ತು. ಇಂಪಾಲಾದ ಬಾನೆಟ್ಟು ಎತ್ತಲೆಂದು ನಾನೂ ರಮೀರೊನೂ ಹೊರಗೆ, ಕಾರಿನ ಮುಂದಕ್ಕೆ ಬಂದಿದ್ದೆವು. ಆಳುಗಳು, ಕಾರುಗಳು ಎಲ್ಲ ಒಳಗೆ. ಬಾಗಿಲಲ್ಲಿ ಬೂಚಿನಂತೆ ಇಂಪಾಲಾ!

"ಎಂಜಿನ್ ಆಫ್ ಮಾಡ್ಬೇಡಪ್ಪ," ಎಂದೆ. "ಕೇಬಲ್ ಹಿಂದಿನ್ ಸೀಟ್ ಕೆಳಗಿದೆಯಾ, ಮುಂದಾ?"

"ಹಿಂದೆ ಡಿಕ್ಕೀಲಿ," ಎಂದ ರಮೀರೊ ತಟ್ಟನೆ. "ಇಂಪಾಲಾ ಡಿಕ್ಕೀಲಿ. ತರ್ತೀಯಾ ಟಾವೊ? ನನ್ ಕಾಲು ನೋಡು, ಆಗಲ್ಲ."

ಟಾವೊ ಬೈದುಕೊಂಡು ಇಳಿದ. ಕಾರಿನ ಪಕ್ಕದಲ್ಲಿ ತೂರಿಕೊಂಡು ಒಳಗೆ ಹೋದ. ಡಿಕ್ಕಿಯೊಳಗೆ ತಲೆ ಹಾಕಿದ.

"ಎಲ್ಲೋ? ಇಲ್ಲಿಲ್ವಲ್ಲೋ!"

ಕ್ವಿಂತೆರೊನ ಕಣ್ಣು ನನ್ನಿಂದ ರಮೀರೊನಿಗೆ, ರಮೀರೊನಿಂದ ನನಗೆ. ಅದೇ ಮೂಗು. ಅದೇ ಗಲ್ಲ. ಅವನ ಕೈ ನಿಧಾನವಾಗಿ ಅಂಗಿಯೊಳಗೆ ಹೋಯಿತು.

"ನಿನ್ನ ಹೆಸರೇನಂದೆ?"

"ಓಡು!" ಎಂದೆ.

ರಮೀರೊ ಓಡಲಿಲ್ಲ, ಬಿದ್ದ. ಅಂಗಿಯ ಕೊರಳು ಹಿಡಿದು ಪಿಕಪ್ಪಿನೊಳಗೆ ಎಸೆದು ನಾನೂ ಹತ್ತಿದೆ. ರಿವರ್ಸ್! ಢಂ! ಮುಂದಿನ ಗಾಜು ಜೇಡರ ಬಲೆಯಾಯಿತು. ಢಂ! ಸೈಡ್ ಕನ್ನಡಿ ಹಾರಿತು. ಕಣ್ಣು ಅರ್ಧ ಮುಚ್ಚಿಕೊಂಡೇ ಸ್ಟೀರಿಂಗ್ ತಿರುಗಿಸಿದೆ.

ಒಳಗೆ ಹದಿನಾಲ್ಕು ಕಾರುಗಳಿದ್ದವು. ಒಂದೂ ಹೊರಗೆ ಬರಲಿಲ್ಲ.

ನಾನು ಫೋನ್ ಮಾಡಿ, ಪೊಲೀಸರು ಅಲ್ಲಿಗೆ ಹೋದದ್ದು ಅರ್ಧ ಗಂಟೆಯ ಮೇಲೆ. ಕ್ವಿಂತೆರೊ ನಡೆದುಕೊಂಡಾದರೂ ಪರಾರಿಯಾಗಬಹುದಿತ್ತು. ಆಗಿರಲಿಲ್ಲ! ಕಾರು ಬಿಟ್ಟು ಹೋಗಲು ಮನಸ್ಸು ಬರದೆ, ನಾಲ್ಕು ಆಳುಗಳ ಕೈಯಲ್ಲಿ ತಳ್ಳಿಸುತ್ತಿದ್ದನಂತೆ. "ಬಣ್ಣ ಕಿತ್ತೋಗ್ತದೆ, ಹುಷಾರ್ರೋ!" ಎಂದು ಕೂಗುತ್ತ.

ಅದೆಲ್ಲ ಆಮೇಲಿನ ಮಾತು. ಆಗ ನಾನು ಒಂದು ಕೆಂಪು ದೀಪ ಹಾರಿಸಿದೆ. ಎರಡನೆಯದನ್ನೂ ಹಾರಿಸಿದೆ. ಲಾರಿಯೊಂದು ಹಾರ್ನು ಬಾರಿಸುತ್ತ ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ಉಸಿರಿನ ಸದ್ದೇ ಇರಲಿಲ್ಲ.

"ರಮೀರೊ... ಇದೀಯೇನೋ? ಮಾತಾಡೋ!"

"ಇದೀನಿ ಅಕ್ಕ," ಎಂದ.

ಐದು ತಿಂಗಳು ಕೊಲೆಗಡುಕರ ನಡುವೆ ಬದುಕಿ ಬಂದವನು, ನನ್ನ ಮುಖ ನೋಡಿ, ರಸ್ತೆ ನೋಡಿ, ಮೆಲ್ಲಗೆ ಸೀಟ್ ಬೆಲ್ಟ್ ಎಳೆದು ಹಾಕಿಕೊಂಡ.